ಎಲೆಯ ಆಳದಲ್ಲಿ ಬೆಳಕು ಕಡಿಮೆಯೋ, ಶಿಲೀಂಧ್ರವೇ ಕಡಿಮೆಯೋ?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಸಂಶೋಧನಾ ವಿದ್ಯಾರ್ಥಿನಿ. ಕಾಫಿ ಎಲೆ ತುಕ್ಕು ರೋಗದ ಶಿಲೀಂಧ್ರ ಎಲೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಎಸ್.795 ಮತ್ತು ಚಂದ್ರಗಿರಿ ತಳಿಗಳಲ್ಲಿ ಹೋಲಿಸುತ್ತಿದ್ದೇನೆ. ಎಲೆ ತುಂಡುಗಳನ್ನು ಒಂದು ರಾತ್ರಿ ಎಥನಾಲ್‌ನಲ್ಲಿ ಇಡುತ್ತೇನೆ, ಆದರೂ ನಸು ಹಸಿರು ಉಳಿಯುತ್ತದೆ. ಜೀವಕೋಶದ ಗೋಡೆಗೆ ಕ್ಯಾಲ್ಕೋಫ್ಲೋರ್, ಶಿಲೀಂಧ್ರಕ್ಕೆ ಹಸಿರು ಹೊಳೆಯುವ ಡಬ್ಲ್ಯುಜಿಎ ಸ್ಟೇನ್ ಹಾಕಿ, ನೀರಿನಲ್ಲಿ ಮೌಂಟ್ ಮಾಡುತ್ತೇನೆ. ಆಮೇಲೆ ಬೆಂಗಳೂರಿನ ಲೇಸರ್ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ 63ಎಕ್ಸ್ ಎಣ್ಣೆ ಲೆನ್ಸ್‌ನಿಂದ ಸ್ಟ್ಯಾಕ್, ಅಂದರೆ ಆಳಕ್ಕೆ ಇಳಿಯುತ್ತಾ ಪದರ ಪದರವಾಗಿ (ಸ್ಲೈಸ್) ಚಿತ್ರಗಳನ್ನು ತೆಗೆಯುತ್ತೇನೆ. ಮೇಲಿನ ಸ್ಲೈಸ್‌ಗಳು ಚೆನ್ನಾಗಿ ಬರುತ್ತವೆ. 60 ಮೈಕ್ರಾನ್ ದಾಟಿದರೆ ಬರೀ ಕತ್ತಲು. ಫಿಜಿ ಎಂಬ ಚಿತ್ರ ಸಾಫ್ಟ್‌ವೇರ್‌ನಲ್ಲಿ ಬ್ಲೀಚ್ ಕರೆಕ್ಷನ್ ಹಾಕು, ಎಲ್ಲ ಸ್ಲೈಸ್ ಒಂದೇ ಸಮ ಆಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಚಿತ್ರವನ್ನು ಮುಟ್ಟಲೇಬೇಡ ಅಂತ ಗೈಡ್ ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಗೈಡ್ ಭಯಪಡುತ್ತಿರುವುದು ಸರಿಯಾದ ವಿಷಯಕ್ಕೇ. ಆದರೆ ಚಿತ್ರವನ್ನು ಮುಟ್ಟದೆ ಇದ್ದರೂ ತಪ್ಪು ಉತ್ತರ ಬರುತ್ತದೆ. ಅದು ಹೇಗೆ ಅಂತ ಮೊದಲು ನೋಡೋಣ, ಯಾಕೆಂದರೆ ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ.

ಚಂದ್ರಗಿರಿಯ ಎಲೆಯನ್ನೂ ಎಸ್.795ರ ಎಲೆಯನ್ನೂ ಒಂದೊಂದು ಕೈಯಲ್ಲಿ ಹಿಡಿದು ನೋಡಿ. ಚಂದ್ರಗಿರಿಯ ಎಲೆ ದಪ್ಪ, ಬಣ್ಣ ಕಡು ಹಸಿರು. ದಪ್ಪ ಎಲೆಯಲ್ಲಿ, ಪತ್ರಹರಿತ್ತು ಜಾಸ್ತಿ ಇರುವ ಎಲೆಯಲ್ಲಿ, ಬೆಳಕು ಬೇಗ ಸಾಯುತ್ತದೆ. ಎರಡೂ ಎಲೆಗಳಲ್ಲಿ ಶಿಲೀಂಧ್ರ ಒಂದೇ ಆಳಕ್ಕೆ ಇಳಿದಿದ್ದರೂ ಚಂದ್ರಗಿರಿಯಲ್ಲಿ ಅದು ಮೇಲೇ ನಿಂತಂತೆ ಕಾಣುತ್ತದೆ. ಚಂದ್ರಗಿರಿ ಟಿಮೋರ್ ಹೈಬ್ರಿಡ್ ಎಂಬ ಮಿಶ್ರತಳಿಯ ಮೂಲದ್ದು, ತುಕ್ಕಿಗೆ ತಡೆ ಕೊಡುತ್ತದೆ ಎಂಬ ಹೆಸರೂ ಇದೆ. ಹಾಗಾಗಿ ನೀವು ನಿರೀಕ್ಷಿಸಿದ ಉತ್ತರವೇ ಬಂದುಬಿಡುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಇಂಥ ತಪ್ಪು ಎಲ್ಲಕ್ಕಿಂತ ಅಪಾಯ. ಆದ್ದರಿಂದ ಸರಿಪಡಿಸಲೇಬೇಕು.

ಹಾಗಂತ ಗೆಳೆಯರು ಹೇಳಿದ ದಾರಿ ನಿಮ್ಮ ಕೆಲಸಕ್ಕೆ ಆಗುವುದಿಲ್ಲ. ಫಿಜಿಯ ಬ್ಲೀಚ್ ಕರೆಕ್ಷನ್‌ನಲ್ಲಿ ಮೂರು ಬಗೆ ಇವೆ: ಸಿಂಪಲ್ ರೇಶಿಯೋ, ಎಕ್ಸ್‌ಪೊನೆನ್ಷಿಯಲ್ ಫಿಟ್, ಹಿಸ್ಟೋಗ್ರಾಂ ಮ್ಯಾಚಿಂಗ್. ಇವನ್ನು ಮಾಡಿರುವುದು ಒಂದೇ ಜಾಗವನ್ನು ಮತ್ತೆ ಮತ್ತೆ ಚಿತ್ರ ತೆಗೆದಾಗ ಬಣ್ಣ ಮಾಸುವುದನ್ನು ಸರಿಪಡಿಸಲಿಕ್ಕೆ. ಮೂರೂ ಸ್ಲೈಸಿನ ಒಟ್ಟು ಹೊಳಪನ್ನೇ ನೋಡುತ್ತವೆ. ಮೊದಲನೆಯದು ಪ್ರತಿ ಸ್ಲೈಸಿನ ಸರಾಸರಿಯನ್ನು ಮೊದಲ ಸ್ಲೈಸಿಗೆ ಸಮ ಮಾಡುತ್ತದೆ. ಎರಡನೆಯದು ಅದೇ ಸರಾಸರಿಗಳಿಗೆ ಒಂದು ಇಳಿಜಾರು ಗೆರೆ ಹೊಂದಿಸಿ ಅದನ್ನು ಚಪ್ಪಟೆ ಮಾಡುತ್ತದೆ. ಮೂರನೆಯದು ಇನ್ನೂ ಮುಂದೆ ಹೋಗಿ, ಸ್ಲೈಸಿನಲ್ಲಿ ಎಷ್ಟು ಪಿಕ್ಸೆಲ್ ಹೊಳೆಯಬೇಕು, ಎಷ್ಟು ಮಂಕಾಗಿರಬೇಕು ಎಂಬುದನ್ನೇ ಮೊದಲ ಸ್ಲೈಸಿನಂತೆ ಮಾಡಿಬಿಡುತ್ತದೆ.

ಈಗ ನಿಮ್ಮ ಹಸಿರು ಚಾನೆಲ್ ನೆನಪಿಸಿಕೊಳ್ಳಿ. ಅಲ್ಲಿ ಹೊಳೆಯುವುದು ಶಿಲೀಂಧ್ರ. ಆಳಕ್ಕೆ ಹೋದಂತೆ ಶಿಲೀಂಧ್ರ ನಿಜವಾಗಿಯೂ ಕಡಿಮೆಯಾಗುತ್ತದೆಯೇ ಎಂಬುದೇ ನಿಮ್ಮ ಪ್ರಶ್ನೆ. ಅದೇ ಚಾನೆಲ್‌ನ ಸರಾಸರಿಯನ್ನು ಎಲ್ಲ ಸ್ಲೈಸಿಗೂ ಸಮ ಮಾಡಿದರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ, ಅಲ್ವಾ? ಹಿಸ್ಟೋಗ್ರಾಂ ಮ್ಯಾಚಿಂಗ್ ಹಾಕಿದರಂತೂ ಶಿಲೀಂಧ್ರವೇ ಇಲ್ಲದ ಸ್ಲೈಸಿನಲ್ಲೂ ಬರೀ ನಾಯ್ಸ್ (ಯಂತ್ರದ ಅಡ್ಡಾದಿಡ್ಡಿ ಚುಕ್ಕೆಗಳು) ಎದ್ದು ಹೊಳೆಯುತ್ತದೆ. ಏನನ್ನು ಅಳೆಯಬೇಕೋ ಅದನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ಬೆಳಕು ಎಷ್ಟು ಕಳೆಯಿತು ಎಂಬುದನ್ನು, ಎಲ್ಲ ಆಳದಲ್ಲೂ ಒಂದೇ ಸಮ ಇದೆ ಎಂದು ನಮಗೆ ಖಚಿತವಾಗಿ ಗೊತ್ತಿರುವ ಬೇರೊಂದು ವಸ್ತುವಿನಿಂದ ತಿಳಿಯಬೇಕು.

ಅದಕ್ಕೂ ಮುಂಚೆ ಒಂದು ಅನುಮಾನ ಬಗೆಹರಿಸಿಕೊಳ್ಳಿ. ಆಳದ ಸ್ಲೈಸ್ ಕಪ್ಪಾಗಲು ಕಾರಣ ಮೂರು ಇರಬಹುದು. ಬೆಳಕು ದಾರಿಯಲ್ಲಿ ಕಳೆದುಹೋಗಿರಬಹುದು. ಲೇಸರ್ ಬಿದ್ದು ಬಿದ್ದು ಬಣ್ಣ ಮಾಸಿರಬಹುದು. ಅಥವಾ ಸ್ಟೇನ್ ಅಲ್ಲಿಗೆ ಹೋಗೇ ಇಲ್ಲದಿರಬಹುದು. ಮೂರೂ ನೋಡಲಿಕ್ಕೆ ಒಂದೇ ಥರ.

ಬಣ್ಣ ಮಾಸಿದೆಯೇ ಎಂದು ನೋಡುವುದು ಸುಲಭ. ಸ್ಟ್ಯಾಕ್ ಮುಗಿದ ಮೇಲೆ ಮೊದಲ ಸ್ಲೈಸನ್ನೇ ಅದೇ ಸೆಟ್ಟಿಂಗಿನಲ್ಲಿ ಇನ್ನೊಮ್ಮೆ ತೆಗೆಯಿರಿ. ಕಾನ್‌ಫೋಕಲ್‌ನಲ್ಲಿ ಒಂದು ಸ್ಲೈಸ್ ತೆಗೆಯುವಾಗ ಆ ಸ್ಲೈಸಿಗೆ ಮಾತ್ರ ಲೇಸರ್ ಬೀಳುವುದಿಲ್ಲ. ಮೇಲೆ ಕೆಳಗೆ ಇರುವ ಇಡೀ ದಪ್ಪಕ್ಕೆ ಬೀಳುತ್ತದೆ. ಪಿನ್‌ಹೋಲ್ ಎಂಬ ಸಣ್ಣ ರಂಧ್ರ ಬೇರೆ ಕಡೆಯ ಬೆಳಕನ್ನು ತಡೆಯುತ್ತದೆ ಅಷ್ಟೇ, ಮಾಸುವುದನ್ನು ತಡೆಯುವುದಿಲ್ಲ. ಹಾಗಾಗಿ ಕೊನೆಗೆ ತೆಗೆದ ಸ್ಲೈಸ್‌ಗಳು ತಮ್ಮ ಸರದಿ ಬರುವ ಹೊತ್ತಿಗೆ ಸಾಕಷ್ಟು ಲೇಸರ್ ತಿಂದಿರುತ್ತವೆ. ಮೊದಲ ಸ್ಲೈಸ್ ಎರಡನೇ ಸಲವೂ ಅಷ್ಟೇ ಹೊಳೆದರೆ ಮಾಸುವಿಕೆ ನಿಮ್ಮ ಸಮಸ್ಯೆ ಅಲ್ಲ. ಮಂಕಾಗಿದ್ದರೆ ಲೇಸರ್ ಇಳಿಸಿ, ಇನ್ನೊಂದು ಹೊಸ ಜಾಗದಲ್ಲಿ ಆಳದಿಂದ ಮೇಲಕ್ಕೆ ಸ್ಟ್ಯಾಕ್ ತೆಗೆದು ಎರಡನ್ನೂ ಹೋಲಿಸಿ.

ಸ್ಟೇನ್ ತಲುಪಿದೆಯೇ ಎಂದು ತಿಳಿಯಲು ಎಲೆ ತುಂಡನ್ನು ಮಗುಚಿ ಹಾಕಿ, ಇನ್ನೊಂದು ಬದಿಯಿಂದ ಸ್ಟ್ಯಾಕ್ ತೆಗೆಯಿರಿ. ಮೊದಲು ಆಳದಲ್ಲಿದ್ದು ಕಪ್ಪಾಗಿದ್ದ ಭಾಗ ಈಗ ಲೆನ್ಸಿಗೆ ಹತ್ತಿರ ಬಂದು ಹೊಳೆದರೆ, ಅದು ಬೆಳಕಿನ ನಷ್ಟ. ಎರಡೂ ಬದಿಯಿಂದ ನೋಡಿದರೂ ನಡುವಿನ ಭಾಗ ಕಪ್ಪಾಗಿಯೇ ಇದ್ದರೆ ಅನುಮಾನ ಸ್ಟೇನಿನ ಮೇಲೆ. ಡಬ್ಲ್ಯುಜಿಎ ಒಂದು ಪ್ರೋಟೀನ್, ತೂಕ ಸುಮಾರು 38 ಕಿಲೋಡಾಲ್ಟನ್. ಕ್ಯಾಲ್ಕೋಫ್ಲೋರ್‌ನಷ್ಟು ಸಲೀಸಾಗಿ ಇದು ಎಲೆಯೊಳಗೆ ನುಗ್ಗುವುದಿಲ್ಲ. ಒಂದು ರಾತ್ರಿ ಎಥನಾಲ್‌ನಲ್ಲಿಟ್ಟ ತುಂಡಿನ ಒಳಗೆ ಅದು ಪೂರ್ತಿ ಹೋಗಿದೆ ಎಂದು ನನಗೆ ನಂಬಿಕೆ ಇಲ್ಲ. ತುಕ್ಕು ಶಿಲೀಂಧ್ರಗಳ ಕೆಲಸದಲ್ಲಿ ಸಾಮಾನ್ಯವಾಗಿ ಎಥನಾಲ್ ಆದ ಮೇಲೆ 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕ್ಷಾರ, ಅಂದರೆ ಕೆಒಎಚ್‌ನಲ್ಲಿ ಎಲೆಯನ್ನು ಮೆತ್ತಗೆ ಮಾಡುತ್ತಾರೆ. ಆಮೇಲೆ ಬಫರ್‌ನಲ್ಲಿ ಚೆನ್ನಾಗಿ ತೊಳೆದು ಸ್ಟೇನ್ ಹಾಕುತ್ತಾರೆ. ನೀವೂ ಹಾಗೇ ಮಾಡಿ. ಬಫರ್ ತೊಳೆತವನ್ನು ಬಿಡಬೇಡಿ, ಕ್ಷಾರ ಉಳಿದರೆ ಡಬ್ಲ್ಯುಜಿಎ ಅಂಟುವುದಿಲ್ಲ.

ಮಾಸುವಿಕೆ ಮತ್ತು ಸ್ಟೇನ್ ಎರಡೂ ಸರಿ ಇದ್ದರೆ ಉಳಿದದ್ದು ಬೆಳಕಿನ ನಷ್ಟ. ನಿಮ್ಮ ಪತ್ರ ಓದಿದರೆ ಅದಕ್ಕೆ ಕಾರಣಗಳು ಕಣ್ಣಿಗೇ ಕಾಣುತ್ತವೆ. ನಸು ಹಸಿರು ಉಳಿದಿದೆ ಎಂದಿರಿ. ಪತ್ರಹರಿತ್ತು ನೀಲಿ ಬೆಳಕನ್ನು ಹೀರುತ್ತದೆ. ಕ್ಯಾಲ್ಕೋಫ್ಲೋರ್‌ಗೆ ಬಳಸುವ 405, ಡಬ್ಲ್ಯುಜಿಎಗೆ ಬಳಸುವ 488 ನ್ಯಾನೋಮೀಟರ್ ಲೇಸರ್‌ಗಳೆರಡೂ ಅದೇ ಕಡೆಯವು. ತುಂಡು ಪೂರ್ತಿ ಬೆಳ್ಳಗಾಗುವ ತನಕ ಎಥನಾಲ್ ಬದಲಿಸುತ್ತಾ ಹೋಗಿ. ಮೂರು ಪಾಲು ಎಥನಾಲ್, ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದರೆ ಬೇಗ ಆಗುತ್ತದೆ.

ಆದರೆ ಎಲೆಯಲ್ಲಿ ಬೆಳಕಿಗೆ ದೊಡ್ಡ ಶತ್ರು ಹಸಿರಲ್ಲ, ಗಾಳಿ. ಎಲೆಯ ಕೆಳಭಾಗದ ಸ್ಪಂಜಿನಂಥ ಪದರದಲ್ಲಿ ಜೀವಕೋಶಗಳ ನಡುವೆ ತುಂಬ ಖಾಲಿ ಜಾಗ ಇರುತ್ತದೆ. ಗಾಳಿಯ ವಕ್ರೀಭವನಾಂಕ 1.00, ನೀರಿನದು 1.33, ಜೀವಕೋಶದ ಗೋಡೆಯದು ಅದಕ್ಕಿಂತಲೂ ಜಾಸ್ತಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಬೆಳಕು ದಿಕ್ಕು ತಪ್ಪುತ್ತದೆ. ಜೂನ್ ಜುಲೈನಲ್ಲಿ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಗಾಡಿಯ ಹೈ ಬೀಮ್ ಹಾಕಿದವರಿಗೆ ಗೊತ್ತು, ಬೆಳಕು ಜಾಸ್ತಿ ಮಾಡಿದಷ್ಟೂ ಎದುರಿಗೆ ಬಿಳಿ ಗೋಡೆ ಏಳುತ್ತದೆ, ರಸ್ತೆ ಕಾಣುವುದಿಲ್ಲ. ಗಾಳಿ ತುಂಬಿದ ಎಲೆಗೆ ಲೇಸರ್ ಏರಿಸಿದರೂ ಅಷ್ಟೇ.

ಈ ಗಾಳಿ ತೆಗೆಯಲು ದುಬಾರಿ ಸಲಕರಣೆ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ 20 ಎಂಎಲ್ ಸಿರಿಂಜ್ ತನ್ನಿ, ಸೂಜಿ ಬೇಡ. ಪ್ಲಂಜರ್ ತೆಗೆದು ಎಲೆ ತುಂಡು ಮತ್ತು ಅರ್ಧದಷ್ಟು ದ್ರಾವಣ ಹಾಕಿ, ಪ್ಲಂಜರ್ ಮತ್ತೆ ಸೇರಿಸಿ. ತುದಿ ಮೇಲೆ ಮಾಡಿ ಒಳಗಿನ ಗಾಳಿಯನ್ನು ಹೊರಗೆ ತಳ್ಳಿ. ಈಗ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಪ್ಲಂಜರನ್ನು ಹಿಂದಕ್ಕೆ ಎಳೆಯಿರಿ. ಎಲೆಯ ಅಂಚಿನಿಂದ, ಕೆಳಮುಖದಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಹೊರಡುತ್ತವೆ. ಕೆಲವು ಕ್ಷಣ ಹಾಗೇ ಹಿಡಿದು ನಿಧಾನಕ್ಕೆ ಬಿಡಿ. ಬಿಟ್ಟಾಗ ದ್ರಾವಣ ಗಾಳಿ ಇದ್ದ ಜಾಗಕ್ಕೆ ನುಗ್ಗುತ್ತದೆ. ಎಲೆ ತುಂಡಿನಲ್ಲಿ ತೇವದ ಕಲೆಗಳಂತೆ ಕಪ್ಪು ತೇಪೆಗಳು ಕಾಣಿಸಿಕೊಂಡು ಹರಡುತ್ತವೆ. ಇಡೀ ತುಂಡು ಒಂದೇ ಬಣ್ಣಕ್ಕೆ ಬಂದು ತಳಕ್ಕೆ ಮುಳುಗುವ ತನಕ ಇದನ್ನೇ ಮಾಡಿ. ತೇಲುತ್ತಿರುವ ತುಂಡನ್ನು ಸ್ಲೈಡಿಗೆ ಹಾಕಬೇಡಿ. ಸ್ಟೇನ್ ಹಾಕುವಾಗಲೂ ಇದೇ ಸಿರಿಂಜ್ ಉಪಯೋಗಿಸಿದರೆ ಡಬ್ಲ್ಯುಜಿಎ ಒಳಗೆ ಹೋಗಲು ಸಹಾಯ ಆಗುತ್ತದೆ.

ಇನ್ನು ಲೆನ್ಸ್. ಎಣ್ಣೆಯ ವಕ್ರೀಭವನಾಂಕ ಸುಮಾರು 1.515, ನೀವು ಮೌಂಟ್ ಮಾಡಿದ ನೀರಿನದು 1.33. ಎಣ್ಣೆ ಲೆನ್ಸ್ ಕವರ್‌ಸ್ಲಿಪ್‌ನ ಹತ್ತಿರ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನೀರಿನೊಳಗೆ ಆಳಕ್ಕೆ ಇಳಿದಂತೆ ಫೋಕಸ್ ಹರಡಿಹೋಗುತ್ತದೆ, ಹರಡಿದ ಬೆಳಕು ಪಿನ್‌ಹೋಲ್‌ನಲ್ಲಿ ನಿಂತುಬಿಡುತ್ತದೆ. ನಿಮ್ಮ 60 ಮೈಕ್ರಾನ್ ಕತ್ತಲಿನಲ್ಲಿ ಇದರ ಪಾಲು ದೊಡ್ಡದಿರಬೇಕು. ಇನ್ನೊಂದು ತೊಂದರೆಯೂ ಇದೆ, ಅದು ನಿಮಗೆ ಇನ್ನೂ ಮುಖ್ಯ. ಎಣ್ಣೆ ಲೆನ್ಸಿನಲ್ಲಿ ಸ್ಟೇಜ್ 100 ಮೈಕ್ರಾನ್ ಸರಿದರೆ ನೀರಿನೊಳಗೆ ಫೋಕಸ್ ಸರಿಯುವುದು ಹೆಚ್ಚೆಂದರೆ 88 ಮೈಕ್ರಾನ್. ಎನ್‌ಎ (ಲೆನ್ಸ್ ಎಷ್ಟು ಅಗಲದ ಬೆಳಕು ಹಿಡಿಯುತ್ತದೆ ಎಂಬ ಅಳತೆ) ಜಾಸ್ತಿ ಇರುವ ಲೆನ್ಸಿನಲ್ಲಿ ಇನ್ನೂ ಕಡಿಮೆ. ನೀವು ಅಳೆಯುತ್ತಿರುವುದೇ ಆಳ. ಅಳತೆಯೇ ಹಿಗ್ಗಿದ್ದರೆ ಹೊಳಪು ಸರಿಪಡಿಸಿ ಏನು ಪ್ರಯೋಜನ?

ಬೆಂಗಳೂರಿನ ಕೇಂದ್ರದಲ್ಲಿ 40ಎಕ್ಸ್ ವಾಟರ್ ಇಮರ್ಶನ್ ಅಥವಾ ಗ್ಲಿಸರಾಲ್ ಲೆನ್ಸ್ ಇದೆಯೇ ಕೇಳಿ. ಸಾಮಾನ್ಯವಾಗಿ ಇರುತ್ತದೆ. ಅದರ ಕರೆಕ್ಷನ್ ಕಾಲರನ್ನು (ಫೋಕಸ್ ಹರಡದಂತೆ ತಿರುಗಿಸಿ ಹೊಂದಿಸುವ ಉಂಗುರ) ನಿಮ್ಮ ಸ್ಲೈಡಿಗೆ ಹೊಂದಿಸಿಕೊಡಲು ಅಲ್ಲಿನ ಆಪರೇಟರ್ ಹತ್ತಿರ ಹೇಳಿ. ಎಣ್ಣೆ ಲೆನ್ಸ್ ಬಿಟ್ಟರೆ ಬೇರೆ ಗತಿ ಇಲ್ಲ ಎಂದಾದರೆ ನೀರಿನ ಬದಲು ಗ್ಲಿಸರಾಲ್‌ನಲ್ಲಿ ಮೌಂಟ್ ಮಾಡಿ. ಅದರ ವಕ್ರೀಭವನಾಂಕ 1.47, ಎಣ್ಣೆಗೆ ಹತ್ತಿರ, ಎಲೆಯ ಗೋಡೆಗೂ ಹತ್ತಿರ. ಎಲೆಯೇ ಪಾರದರ್ಶಕ ಆಗುತ್ತದೆ. ಒಮ್ಮೆಗೇ ಗಟ್ಟಿ ಗ್ಲಿಸರಾಲ್‌ಗೆ ಹಾಕಿದರೆ ಜೀವಕೋಶಗಳು ಮುದುಡುತ್ತವೆ, ಹಾಗಾಗಿ ತೆಳು ದ್ರಾವಣದಿಂದ ಗಟ್ಟಿಗೆ ಮೆಲ್ಲಗೆ ಹೋಗಿ. ಕವರ್‌ಸ್ಲಿಪ್ 0.17 ಮಿಲಿಮೀಟರ್ ದಪ್ಪದ್ದೇ ಇರಲಿ. ಡಬ್ಬಿಯ ಮೇಲೆ 1.5 ಎಂದು ಬರೆದಿರುತ್ತದೆ.

ಎಲೆಯ ಯಾವ ಮುಖ ಮೇಲೆ ಇರಬೇಕು ಎಂದು ನೀವು ಬರೆದಿಲ್ಲ. ಕಾಫಿ ಎಲೆಯಲ್ಲಿ ಪತ್ರರಂಧ್ರಗಳು ಇರುವುದು ಕೆಳಮುಖದಲ್ಲಿ ಮಾತ್ರ. ತುಕ್ಕಿನ ಬೀಜಕ ಮೊಳೆತು ಒಳಗೆ ನುಗ್ಗುವುದು ಅಲ್ಲಿಂದಲೇ. ತೋಟದಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣುವುದೂ ಎಲೆ ಮಗುಚಿದಾಗಲೇ ಅಲ್ವಾ. ಆದ್ದರಿಂದ ಕೆಳಮುಖವೇ ಲೆನ್ಸಿನ ಕಡೆಗೆ ಇರಬೇಕು. ಆಗ ಶಿಲೀಂಧ್ರದ ಬಹುಪಾಲು ಬೆಳಕು ಚೆನ್ನಾಗಿರುವ ಜಾಗದಲ್ಲೇ ಸಿಗುತ್ತದೆ. ಬೋರ್ಡೋ ದ್ರಾವಣ ಹೊಡೆದ ಗಿಡದ ಎಲೆ ತರಬೇಡಿ. ಔಷಧಿ ಎಲೆಯ ಅಡಿಗೆ ಬೀಳಲಿ ಎಂದೇ ಹೊಡೆಯುತ್ತಾರೆ. ಮೈಲುತುತ್ತ ಸುಣ್ಣದ ಆ ಹೊರಪದರ ನಿಮ್ಮ ಬೆಳಕನ್ನು ಬಾಗಿಲಲ್ಲೇ ತಡೆಯುತ್ತದೆ.

ಇಷ್ಟು ಮಾಡಿದರೆ ಕತ್ತಲು ಬಹಳಷ್ಟು ಹಿಂದೆ ಸರಿಯುತ್ತದೆ. ಉಳಿದದ್ದಕ್ಕೆ ಲೆಕ್ಕ ಬೇಕು.

ಮೈಕ್ರೋಸ್ಕೋಪಿನ ಸಾಫ್ಟ್‌ವೇರ್‌ನಲ್ಲೇ ಆಳಕ್ಕೆ ಹೋದಂತೆ ಲೇಸರ್ ಏರಿಸುವ ಸೌಲಭ್ಯ ಇರುತ್ತದೆ. ಝಡ್ ಕಾಂಪೆನ್ಸೇಶನ್ ಎನ್ನುತ್ತಾರೆ. ಇದು ಒಳ್ಳೆಯದು, ಯಾಕೆಂದರೆ ಆಳದಿಂದ ನಿಜವಾಗಿಯೂ ಹೆಚ್ಚು ಬೆಳಕು ತರುತ್ತದೆ. ಆದರೆ ಲೇಸರನ್ನು ಮಾತ್ರ ಏರಿಸಿ, ಡಿಟೆಕ್ಟರ್ ಗೇನ್ (ಬಂದ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಮುಟ್ಟಬೇಡಿ. ಲೇಸರ್ ಎರಡರಷ್ಟು ಮಾಡಿದರೆ ಹೊಳಪು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಆಮೇಲೆ ಭಾಗಿಸಿ ಲೆಕ್ಕ ಸರಿಮಾಡಬಹುದು. ಪಿಎಂಟಿ ಡಿಟೆಕ್ಟರಿನ ಗೇನ್ ಹಾಗಲ್ಲ, ವೋಲ್ಟೇಜ್ ಸ್ವಲ್ಪ ಏರಿಸಿದರೂ ಹೊಳಪು ಎಲ್ಲೋ ಹೋಗುತ್ತದೆ. ಸಿಗ್ನಲ್ ಜೊತೆಗೆ ನಾಯ್ಸೂ ಹಿಗ್ಗುತ್ತದೆ. ಯಾವ ಆಳದಲ್ಲಿ ಎಷ್ಟು ಲೇಸರ್ ಎಂದು ಬರೆದಿಟ್ಟುಕೊಳ್ಳಿ. ಎರಡೂ ತಳಿಗೆ ಅದೇ ಏರಿಕೆ ಇರಲಿ. 12 ಬಿಟ್‌ನಲ್ಲಿ ಚಿತ್ರ ತೆಗೆಯಿರಿ, ಯಾವ ಪಿಕ್ಸೆಲ್ಲೂ ಅದರ ಗರಿಷ್ಠ ಅಂಕೆ 4095 ಮುಟ್ಟದಂತೆ ನೋಡಿಕೊಳ್ಳಿ. ತುಂಬಿ ಚೆಲ್ಲಿದ ಪಿಕ್ಸೆಲ್‌ಗೆ ಯಾವ ಲೆಕ್ಕವೂ ನಡೆಯುವುದಿಲ್ಲ. ಜೊತೆಗೆ ಲೇಸರ್ ಪೂರ್ತಿ ಆರಿಸಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಈ ಕಪ್ಪು ಚಿತ್ರ ಯಾಕೆ ಬೇಕು ಎಂದು ಈಗ ತೋರಿಸುತ್ತೇನೆ.

ಒಂದು ಉದಾಹರಣೆ ಹಿಡಿಯೋಣ. ಮೇಲ್ಮೈಯಲ್ಲಿ ಹೊಳಪು 210. 50 ಮೈಕ್ರಾನ್ ಆಳದಲ್ಲಿ ಅದೇ ವಸ್ತುವಿನ ಹೊಳಪು 60. ಕಪ್ಪು ಚಿತ್ರದಲ್ಲಿ ಎಲ್ಲೆಡೆ 10 ಇದೆ, ಅಂದರೆ ಬೆಳಕೇ ಇಲ್ಲದಿದ್ದರೂ ಯಂತ್ರ 10 ತೋರಿಸುತ್ತದೆ. ಆ 10 ಕಳೆದರೆ ಮೇಲೆ 200, ಕೆಳಗೆ 50. ಬೆಳಕು ನಾಲ್ಕನೇ ಒಂದು ಪಾಲಾಗಿದೆ. ಬಿಯರ್-ಲ್ಯಾಂಬರ್ಟ್ ನಿಯಮ ನೀವು ಬಿಎಸ್ಸಿಯಲ್ಲೇ ಓದಿದ್ದೀರಿ: ಬೆಳಕು ಸಮ ದೂರಕ್ಕೆ ಸಮ ಪಾಲು ಕಡಿಮೆಯಾಗುತ್ತದೆ. 50 ಮೈಕ್ರಾನ್‌ಗೆ ಕಾಲು ಪಾಲಾದರೆ 25 ಮೈಕ್ರಾನ್‌ಗೆ ಅರ್ಧ. 100 ಮೈಕ್ರಾನ್‌ಗೆ ಹದಿನಾರನೇ ಒಂದು ಪಾಲು. ಹಾಗಾಗಿ 100 ಮೈಕ್ರಾನ್ ಸ್ಲೈಸನ್ನು 16ರಿಂದ ಗುಣಿಸಬೇಕು.

ಕಪ್ಪು ಚಿತ್ರ ಕಳೆಯದೆ ಗುಣಿಸಿದರೆ ಏನಾಗುತ್ತದೆ ನೋಡಿ. ಏನೂ ಇಲ್ಲದ ಜಾಗದ 10 ಈಗ 160 ಆಗುತ್ತದೆ. ಮೇಲ್ಮೈಯ ನಿಜವಾದ ಶಿಲೀಂಧ್ರ 210. ಖಾಲಿ ಜಾಗವೂ ಶಿಲೀಂಧ್ರದಂತೆ ಹೊಳೆಯತೊಡಗುತ್ತದೆ! ಸರಿಪಡಿಸಿದ ಚಿತ್ರಗಳಲ್ಲಿ ಆಳದ ಸ್ಲೈಸ್‌ಗಳು ಹಾಲು ಚೆಲ್ಲಿದಂತೆ ಬೆಳ್ಳಗೆ ಕಂಡರೆ ಮೊದಲು ಇದನ್ನೇ ಪರೀಕ್ಷಿಸಿ. ಚಿತ್ರದ ನಡು ಹೊಳೆದು ಅಂಚು ಮಂಕಾಗಿರುವ ದೋಷವನ್ನೂ ಇದೇ ಹಂತದಲ್ಲಿ ತೆಗೆಯಬೇಕು. ಕಪ್ಪು ಚಿತ್ರ ಕಳೆದು, ಒಂದೇ ಸಮ ಹೊಳೆಯುವ ಬಣ್ಣದ ದ್ರಾವಣದ ಚಿತ್ರದಿಂದ ಭಾಗಿಸುವುದು. ಆಮೇಲೆ ಆಳದ ಲೆಕ್ಕ.

ಈಗ ಮುಖ್ಯ ಪ್ರಶ್ನೆ. ಆ ನಾಲ್ಕನೇ ಒಂದು ಪಾಲು ಎಂಬುದನ್ನು ಯಾವುದರಿಂದ ತಿಳಿಯುವುದು? ಶಿಲೀಂಧ್ರದಿಂದ ಅಲ್ಲ ಎಂದು ಆಗಲೇ ಹೇಳಿದೆ. ಕ್ಯಾಲ್ಕೋಫ್ಲೋರ್ ಹಾಕಿದ ಗೋಡೆಗಳಿಂದ ತಿಳಿಯೋಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿ ಎರಡು ತೊಡಕು. ಕ್ಯಾಲ್ಕೋಫ್ಲೋರ್ ಸೆಲ್ಯುಲೋಸ್‌ಗೂ ಅಂಟುತ್ತದೆ, ಶಿಲೀಂಧ್ರದ ಕೈಟಿನ್‌ಗೂ ಅಂಟುತ್ತದೆ. ಇನ್ನೊಂದು, 405 ನ್ಯಾನೋಮೀಟರ್ ಬೆಳಕು ಎಲೆಯಲ್ಲಿ 488ಕ್ಕಿಂತ ಜಾಸ್ತಿ ಚದುರುತ್ತದೆ. ಹೋಗುವ ಬೆಳಕಿನ ಜೊತೆ ಮರಳಿ ಬರುವ ಬೆಳಕೂ ಕಳೆಯುತ್ತದೆ, ಅದರ ಬಣ್ಣವೂ ಬೇರೆ. ನೀಲಿ ಚಾನೆಲ್‌ನ ಗುಣಕವನ್ನು ಹಸಿರಿಗೆ ಹಾಕಿದರೆ ಹಸಿರು ಅಗತ್ಯಕ್ಕಿಂತ ಜಾಸ್ತಿ ಹೊಳೆಯುತ್ತದೆ.

ನಾನು ಹೇಳುವ ದಾರಿ ಇದು. ಅದೇ ತಳಿಯ, ಅದೇ ವಯಸ್ಸಿನ, ಸೋಂಕಿಲ್ಲದ ಎಲೆ ತುಂಡನ್ನು ನಿಮ್ಮ ಮಾದರಿಗಳ ಜೊತೆಗೇ ಎಥನಾಲ್, ಕೆಒಎಚ್ ಎಲ್ಲ ಹಂತದಲ್ಲೂ ಕರೆದೊಯ್ಯಿರಿ. ಡಬ್ಲ್ಯುಜಿಎ ಹಾಕಬೇಡಿ. ಬದಲಿಗೆ ಮೌಂಟ್ ಮಾಡುವ ದ್ರಾವಣದಲ್ಲೇ, ನಸು ಕ್ಷಾರೀಯ ಬಫರ್ ಸೇರಿಸಿ, ಬಹಳ ತೆಳುವಾಗಿ ಫ್ಲೋರೆಸೀನ್ ಕರಗಿಸಿ. ಅದೇ ಸಿರಿಂಜ್‌ನಿಂದ ಎಲೆಯೊಳಗೆ ತುಂಬಿಸಿ. ಈಗ ಜೀವಕೋಶಗಳ ನಡುವಿನ ಜಾಗವೆಲ್ಲ ಒಂದೇ ಸಾಂದ್ರತೆಯ ಹಸಿರು ದ್ರವದಿಂದ ತುಂಬಿರುತ್ತದೆ. ಮೇಲೂ ಅದೇ, ಆಳದಲ್ಲೂ ಅದೇ. ಫ್ಲೋರೆಸೀನ್ ಅನ್ನು 488 ಲೇಸರ್ ಹೊಳೆಯಿಸುತ್ತದೆ, ಅದು ಚೆಲ್ಲುವ ಹಸಿರೂ ನಿಮ್ಮ ಡಬ್ಲ್ಯುಜಿಎಯ ಹಸಿರಿನ ಹತ್ತಿರದ್ದೇ. ದ್ರಾವಣ ಗಟ್ಟಿಯಾದರೆ ಬಣ್ಣವೇ ಬೆಳಕು ಹೀರತೊಡಗುತ್ತದೆ, ಅದಕ್ಕೇ ತೆಳು ಎಂದದ್ದು. ಅಗ್ಗದ ವಸ್ತು, ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲೇ ಇರಬಹುದು. ಅಂಚಿನ ಮಂಕು ತೆಗೆಯಲೂ ಇದೇ ದ್ರಾವಣದ ಒಂದು ಹನಿ ಸಾಕು.

ಈ ಸ್ಟ್ಯಾಕ್‌ನಲ್ಲಿ ಇಡೀ ಸ್ಲೈಸಿನ ಸರಾಸರಿ ತೆಗೆಯಬೇಡಿ. ಸ್ಪಂಜಿನ ಪದರದಲ್ಲಿ ಖಾಲಿ ಜಾಗ ಜಾಸ್ತಿ, ಅದರಾಚೆ ಕಂಬದಂತೆ ಒತ್ತಾಗಿ ನಿಂತ ಜೀವಕೋಶಗಳ ಪದರದಲ್ಲಿ ಕಡಿಮೆ. ಸರಾಸರಿ ತೆಗೆದರೆ ಬೆಳಕು ಕಡಿಮೆಯಾಯಿತೋ ಜಾಗ ಕಡಿಮೆಯಾಯಿತೋ ಗೊತ್ತಾಗುವುದಿಲ್ಲ. ಪ್ರತಿ ಸ್ಲೈಸಿನಲ್ಲೂ ದ್ರವ ತುಂಬಿದ ಜಾಗದ ನಡುವಿನ ಪಿಕ್ಸೆಲ್‌ಗಳನ್ನು ಮಾತ್ರ ಆರಿಸಿ, ಅವುಗಳ ಮಧ್ಯಾಂಕ ತೆಗೆಯಿರಿ. ಕಪ್ಪು ಚಿತ್ರದ ಅಂಕೆ ಕಳೆದು, ಅದರ ಲಾಗ್ ಬೆಲೆಯನ್ನು ಆಳದ ಎದುರು ಗ್ರಾಫ್ ಹಾಕಿ. ನೇರ ಗೆರೆ ಬಂದರೆ ಅದರ ಇಳಿಜಾರೇ ನಿಮಗೆ ಬೇಕಾದ ಗುಣಕ. ಎರಡು ಪದರ ಸೇರುವಲ್ಲಿ ಗೆರೆ ಬಾಗಿದರೆ ಹೆದರಬೇಡಿ, ಒಂದೊಂದು ಪದರಕ್ಕೆ ಒಂದೊಂದು ಇಳಿಜಾರು ಇಟ್ಟುಕೊಳ್ಳಿ. ಒಂದೇ ಎಲೆಯಿಂದ ತೀರ್ಮಾನಕ್ಕೆ ಬರಬೇಡಿ. ಎರಡು ತಳಿಗೂ ಬೇರೆ ಬೇರೆ ಗುಣಕ ಬಂದೇ ಬರುತ್ತದೆ ಎಂದು ನನ್ನ ಅಂದಾಜು. ಆ ವ್ಯತ್ಯಾಸವನ್ನು ನಿಮ್ಮ ಪ್ರಬಂಧದಲ್ಲೇ ಒಂದು ಚಿತ್ರವಾಗಿ ಹಾಕಿ, ಓದುವವರಿಗೆ ಬಹಳ ಉಪಯೋಗ.

ಗುಣಿಸಿದರೆ ಎಲ್ಲ ಮರಳಿ ಬಂತು ಎಂದುಕೊಳ್ಳಬೇಡಿ. ಬೆಳಕು ಫೋಟಾನ್‌ಗಳಾಗಿ ಬರುತ್ತದೆ. 100 ಫೋಟಾನ್ ಬರುವ ಕಡೆ ಏರಿಳಿತ ಅದರ ವರ್ಗಮೂಲದಷ್ಟು, 10, ಅಂದರೆ ಶೇ. 10. ಮೇಲಿನ ಲೆಕ್ಕದಂತೆ 50 ಮೈಕ್ರಾನ್‌ಗೆ 25 ಫೋಟಾನ್ ಬರುತ್ತದೆ, ಏರಿಳಿತ 5, ಅಂದರೆ ಶೇ. 20. 100 ಮೈಕ್ರಾನ್‌ಗೆ 6 ಫೋಟಾನ್, ಏರಿಳಿತ ಶೇ. 40. ಅದನ್ನು 16ರಿಂದ ಗುಣಿಸಿದರೆ ಹೊಳಪು ಮತ್ತೆ 100ರ ಹತ್ತಿರ ಬರುತ್ತದೆ. ಶೇ. 40ರ ಏರಿಳಿತ ಹಾಗೇ ಉಳಿಯುತ್ತದೆ. ಸಣ್ಣ ಹಾಸ್ಟೋರಿಯಂ (ಆಹಾರ ಹೀರಲು ಶಿಲೀಂಧ್ರ ಎಲೆಯ ಜೀವಕೋಶದೊಳಗೆ ಚಾಚುವ ಅಂಗ) ಒಂದನ್ನು ಈ ಗದ್ದಲದಲ್ಲಿ ಗುರುತಿಸುವುದು ಕಷ್ಟ. ಆಳದ ಸ್ಲೈಸ್‌ಗಳಿಗೆ ನಾಲ್ಕು ಸಲದ ಆವರೇಜ್ ಹಾಕಿದರೆ ಏರಿಳಿತ ಅರ್ಧಕ್ಕೆ ಇಳಿಯುತ್ತದೆ. ಅಷ್ಟರ ಮೇಲೆ ಆಸೆ ಬೇಡ.

ಅದಕ್ಕೇ ಒಂದು ಗಡಿ ಹಾಕಿಕೊಳ್ಳಬೇಕು. ಮೇಲ್ಮೈಯಲ್ಲಿ ಚೆನ್ನಾಗಿ ಕಾಣುವ ಹಾಸ್ಟೋರಿಯಾಗಳ ಒಂದು ಚಿತ್ರ ತೆಗೆದುಕೊಳ್ಳಿ. ಅದರ ಹೊಳಪನ್ನು ನಿಮ್ಮ ಗುಣಕದಂತೆ ಇಳಿಸಿ, ಆ ಮಟ್ಟದ ನಾಯ್ಸ್ ಸೇರಿಸಿ, ಯಾವ ಆಳ ಎಂದು ಹೇಳದೆ ಲ್ಯಾಬಿನ ಗೆಳತಿಯೊಬ್ಬರ ಹತ್ತಿರ ಎಣಿಸಲು ಕೊಡಿ. ಎಣಿಕೆ ತಪ್ಪಲು ಶುರುವಾಗುವ ಆಳ ಎಷ್ಟು? ಎರಡು ತಳಿಗಳಲ್ಲಿ ಯಾವುದು ಮೊದಲು ತಪ್ಪುತ್ತದೋ ಆ ಆಳವೇ ಎರಡಕ್ಕೂ ಗಡಿ. ಅದರ ಕೆಳಗಿನದನ್ನು ಎರಡರಲ್ಲೂ ಬಿಟ್ಟುಬಿಡಿ. ಒಂದರಲ್ಲಿ 90 ಮೈಕ್ರಾನ್ ತನಕ ಎಣಿಸಿ ಇನ್ನೊಂದರಲ್ಲಿ 60ಕ್ಕೆ ನಿಲ್ಲಿಸಿದರೆ ಅದು ಹೋಲಿಕೆ ಆಗುವುದಿಲ್ಲ.

ತಡೆ ಇರುವ ತಳಿಯಲ್ಲಿ ಇನ್ನೊಂದು ವಿಶೇಷ ಇದೆ. ಶಿಲೀಂಧ್ರ ನುಗ್ಗಿದ ಕಡೆ ಎಲೆಯ ಜೀವಕೋಶಗಳು ತಾವೇ ಸತ್ತು ಅದನ್ನು ಅಲ್ಲೇ ತಡೆಯುತ್ತವೆ. ಸತ್ತ ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಸ್ಟೇನ್ ಇಲ್ಲದೆಯೂ ನೀಲಿ ಹಸಿರಾಗಿ ಹೊಳೆಯುತ್ತವೆ. ಆ ಹೊಳಪನ್ನು ಶಿಲೀಂಧ್ರ ಎಂದು ಎಣಿಸುವ ಅಪಾಯ ಒಂದು ಕಡೆ. ಆ ಕಂದು ಬಣ್ಣ ಕೆಳಗಿನ ಜಾಗಕ್ಕೆ ನೆರಳು ಹಾಕುವುದು ಇನ್ನೊಂದು ಕಡೆ. ಸೋಂಕಿಲ್ಲದ ಎಲೆಯಿಂದ ತೆಗೆದ ಗುಣಕ ಈ ನೆರಳನ್ನು ತಿಳಿಯದು. ಸೋಂಕಿತ ತುಂಡೊಂದಕ್ಕೆ ಡಬ್ಲ್ಯುಜಿಎ ಹಾಕದೆ ಅದೇ ಸೆಟ್ಟಿಂಗಿನಲ್ಲಿ ಚಿತ್ರ ತೆಗೆದರೆ ಸ್ವಂತ ಹೊಳಪು ಎಷ್ಟೆಂದು ತಿಳಿಯುತ್ತದೆ. ನೆರಳಿಗೆ ಮಾತ್ರ ಮಗುಚಿ ನೋಡುವುದೇ ಮದ್ದು. ಯಾವ ರೇಸಿನ (ಒಳಬಗೆಯ) ಶಿಲೀಂಧ್ರ ಹಾಕಿದಿರಿ ಎಂಬುದನ್ನೂ ಬರೆಯಿರಿ. ಈ ರೋಗಕ್ಕೆ ಬೇರೆ ಬೇರೆ ರೇಸ್ ಇವೆ ಎಂದು ಕಾಫಿ ವಿಜ್ಞಾನಿ ಡಬ್ಲ್ಯೂ.ಡಬ್ಲ್ಯೂ. ಮೇಯ್ನ್ 1930ರ ದಶಕದಲ್ಲಿ ತೋರಿಸಿಕೊಟ್ಟದ್ದು ನಿಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲೇ. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿದರೆ ಗುರುತು ಖಚಿತವಿರುವ ಗಿಡಗಳ ಬಗ್ಗೆಯೂ ತಿಳಿಯುತ್ತದೆ.

ಗೈಡ್ ಅವರಿಗೆ ಏನು ಹೇಳಬೇಕು? ಮೂಲ ಚಿತ್ರಗಳನ್ನು ಮುಟ್ಟಿಲ್ಲ, ಪ್ರತಿ ಮಾಡಿ ಅದರ ಮೇಲೆ ಕೆಲಸ ಮಾಡಿದ್ದೇನೆ ಎನ್ನಿ. ಗುಣಕ ಎಲ್ಲಿಂದ ಬಂತು ಎಂದು ಫ್ಲೋರೆಸೀನ್ ಗ್ರಾಫ್ ತೋರಿಸಿ. ಸರಿಪಡಿಸುವ ಮುಂಚಿನ ಎಣಿಕೆ, ಆಮೇಲಿನ ಎಣಿಕೆ ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೊಡಿ. ಅಷ್ಟಾದರೆ ಅವರು ಬೇಡ ಎನ್ನಲಾರರು.

ಕೊನೆಗೆ, ಬೆಂಗಳೂರಿನ ಸ್ಲಾಟ್ ಸಿಗುವ ತನಕ ಊರಲ್ಲೇ ಮಾಡಬಹುದಾದ ಒಂದು ಕೆಲಸ. ಎಲೆಯನ್ನು ಮಲಗಿಸಿ ಮೇಲಿನಿಂದ ನೋಡುವುದರಿಂದಲೇ ತಾನೆ ಆಳ ಎಂಬುದು ಕತ್ತಲಾಗುವುದು? ಅಡ್ಡ ಕತ್ತರಿಸಿದರೆ ಅದೇ ಆಳ ಚಿತ್ರದ ಅಗಲವಾಗಿ ಬರುತ್ತದೆ. ಕೆಳಮುಖವೂ ಮೇಲ್ಮುಖವೂ ಲೆನ್ಸಿಗೆ ಒಂದೇ ದೂರ. ಒಂದು ಕ್ಯಾರೆಟ್ ತುಂಡನ್ನು ಸೀಳಿ, ಸೋಂಕಿನ ಕಲೆಯ ನಡುವಿನಿಂದ ತೆಗೆದ ಎಲೆ ಪಟ್ಟಿಯನ್ನು ಸೀಳಿನಲ್ಲಿ ಸಿಕ್ಕಿಸಿ. ಹೊಸ ಬ್ಲೇಡ್ ಒದ್ದೆ ಮಾಡಿ ಒಂದೇ ಎಳೆತಕ್ಕೆ ತೆಳ್ಳಗೆ ಕೊಯ್ಯಿರಿ. ಹಿಂದೆ ಮುಂದೆ ಗರಗಸದಂತೆ ಆಡಿಸಿದರೆ ಸ್ಪಂಜಿನ ಪದರ ಕಿತ್ತುಬರುತ್ತದೆ. ಕೊಯ್ದದ್ದನ್ನು ಬ್ರಷ್‌ನಿಂದ ನೀರಿಗೆ ಹಾಕಿ, ಬಹಳ ತೆಳುವಾದವನ್ನು ಮಾತ್ರ ಆರಿಸಿ ಸ್ಟೇನ್ ಹಾಕಿ. ಇದಕ್ಕೆ ಕಾನ್‌ಫೋಕಲ್ ಬೇಡ, ಸಾಧಾರಣ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಸಾಕು. ಒಂದು ಕೊಯ್ತದಲ್ಲಿ ಸಿಗುವ ಶಿಲೀಂಧ್ರ ಕಡಿಮೆ, ಹಾಗಾಗಿ ಇಡೀ ವಸಾಹತಿನ ಲೆಕ್ಕಕ್ಕೆ ಸ್ಟ್ಯಾಕ್ ಬೇಕೇ ಬೇಕು. ಆದರೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಒಂದು ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ. ಕೊಯ್ತದಲ್ಲಿ ಕಂಡ ಆಳ, ಸರಿಪಡಿಸಿದ ಸ್ಟ್ಯಾಕ್ ಹೇಳುವ ಆಳ ಎರಡೂ ಹೊಂದಿದರೆ ಧೈರ್ಯವಾಗಿ ಬರೆಯಿರಿ. ಹೊಂದದಿದ್ದರೆ ಕೊಯ್ತವನ್ನೇ ನಂಬಿ, ಫ್ಲೋರೆಸೀನ್ ಗ್ರಾಫನ್ನು ನನಗೆ ಕಳಿಸಿ. ಯಾವ ಪದರದಲ್ಲಿ ಲೆಕ್ಕ ತಪ್ಪಿದೆ ಎಂದು ಒಟ್ಟಿಗೆ ನೋಡೋಣ.